ಮೂರು ಗದ್ದದ ಚಿತ್ರ

ಆಳಂದದ ದೊಡ್ಡ ಮನುಷ್ಯರ ಹೊಟ್ಟೆಯ ನಿಜವಾದ ಸುತ್ತಳತೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಮೇಲಿರುವವನು. ಇನ್ನೊಬ್ಬರು ಅಮರ್ಜಾ ವರ್ತಕರ ಸಹಕಾರ ಸಂಘದ ಕಟ್ಟಡದಲ್ಲಿ ಏಳನೇ ನಂಬರಿನ ಅಂಗಡಿ ಇಟ್ಟಿದ್ದ ಪಸಂದ್ ಟೇಲರ್ ಲಾಡ್ಲೆಸಾಬರು. ಇಬ್ಬರೂ ಈ ವಿಷಯದಲ್ಲಿ ಎಂದೂ ಬಾಯಿ ಬಿಟ್ಟವರಲ್ಲ.

ಲಾಡ್ಲೆಸಾಬರು ಮೂವತ್ತು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದಾರೆಂದು ಜನ ತಿಳಿದಿದ್ದರು. ಅದು ಅರ್ಧ ಸತ್ಯ. ಅವರ ನಿಜವಾದ ಉದ್ಯೋಗ ಮುಚ್ಚಿಡುವುದು. ಇಳಿದ ಭುಜಕ್ಕೆ ಒಳಗಿನಿಂದ ಹತ್ತಿ ತುಂಬಿ ಎತ್ತುವುದು, ಗಿಡ್ಡ ಕುತ್ತಿಗೆಗೆ ಕಾಲರು ತಗ್ಗಿಸಿ ಉದ್ದ ಕಾಣಿಸುವುದು, ಮುಂದೆ ಬಂದ ಹೊಟ್ಟೆಯನ್ನು ಸಫಾರಿಯ ಎರಡು ಕಿಸೆಗಳ ನಡುವೆ ಎಲ್ಲೋ ಕಳೆದುಹೋಗುವಂತೆ ಮಾಡುವುದು. ರೆಡಿಮೇಡ್ ಬಂದ ಮೇಲೆ ಊರಿನ ತೆಳ್ಳಗಿನವರೆಲ್ಲ ಅತ್ತ ನಡೆದರು. ಯಾವ ರೆಡಿಮೇಡಿನಲ್ಲೂ ಹಿಡಿಸದವರು ಇವರಿಗೆ ಉಳಿದರು. ಹಾಗೆ ಹಿಡಿಸದವರು ನಮ್ಮ ಕಡೆ ಹೆಚ್ಚಾಗಿ ಮುಖಂಡರೇ ಆಗಿರುವುದರಿಂದ ಅಂಗಡಿಗೆ ಒಂದು ತೂಕ ಬಂದಿತ್ತು.

ಎಲ್ಲರ ಅಳತೆಯೂ ಕೆಂಪು ರಟ್ಟಿನ ಒಂದು ಪುಸ್ತಕದಲ್ಲಿತ್ತು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದಾಗ ಲಾಡ್ಲೆಸಾಬರ ಬಾಯಿ ಒಂದು ಹೇಳುತ್ತಿತ್ತು, ಕೈ ಇನ್ನೊಂದು ಬರೆಯುತ್ತಿತ್ತು. ಬಾಯಿ ಹೇಳುವುದು ಗಿರಾಕಿಯ ಮನಸ್ಸಿಗೆ, ಕೈ ಬರೆಯುವುದು ಬಟ್ಟೆಗೆ. ಬಾಯಿ ಸುಳ್ಳು ಹೇಳಬಹುದು, ಪುಸ್ತಕ ಹೇಳಬಾರದು; ಇದು ಅವರ ಕಸುಬಿನ ಧರ್ಮ. ಆ ಪುಸ್ತಕ ಕಂಕುಳಲ್ಲಿಲ್ಲದೆ ಅವರು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಕೂಡ ಹೋಗುತ್ತಿರಲಿಲ್ಲ.

ಇಂಥ ಗಂಭೀರ ಮನುಷ್ಯನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಕಲೆ ಅಂಟಿಕೊಂಡಿತು.

ಅಂಟಿದ್ದು ಜೇವರ್ಗಿಯಲ್ಲಿ, ಹೆಂಡತಿ ಬಾನುಬಿಯ ತಮ್ಮ ಗೌಸಮೊಹಿದ್ದೀನನ ಮಗಳ ಮದುವೆಯಲ್ಲಿ. ಗೌಸಮೊಹಿದ್ದೀನ ಗೊಬ್ಬರದ ವ್ಯಾಪಾರಿ. ಬೀಗರ ಮುಂದೆ ಹೊಸದೇನಾದರೂ ತೋರಿಸಬೇಕೆಂದು ಸೊಲ್ಲಾಪುರದಿಂದ ಒಬ್ಬ ಕ್ಯಾರಿಕೇಚರ್ ಕಲಾವಿದನನ್ನು ಕರೆಸಿ, ಊಟದ ಹಾಲ್ ಬಾಗಿಲಲ್ಲಿ ಕೂರಿಸಿದ್ದ. ಎದುರಿಗೆ ಕೂತವರ ಮುಖವನ್ನು ಆತ ಐದು ನಿಮಿಷದಲ್ಲಿ ಬರೆದುಕೊಡುತ್ತಿದ್ದ. ಮೂಗು ದೊಡ್ಡದಿದ್ದವನಿಗೆ ಇನ್ನೂ ದೊಡ್ಡ ಮೂಗು, ಹಲ್ಲು ಮುಂದಿದ್ದವನಿಗೆ ಇನ್ನೂ ಮುಂದಿನ ಹಲ್ಲು. ಬಿರಿಯಾನಿಗಿಂತ ಆ ಸಾಲೇ ಉದ್ದವಾಗಿತ್ತು.

ಗೌಸಮೊಹಿದ್ದೀನನ ಶೇರ್ವಾನಿ ಹೊಲಿದವರು ಲಾಡ್ಲೆಸಾಬರು. ಬಾಮೈದನ ಹೊಟ್ಟೆಯನ್ನು ಅದರೊಳಗೆ ಅಡಗಿಸಲು ಅವರಿಗೆ ಹದಿನೈದು ದಿನ ಹಿಡಿದಿತ್ತು. ಅದೇ ಹೊಟ್ಟೆಯನ್ನು ಸೊಲ್ಲಾಪುರದವನು ಊರಿನ ನೀರಿನ ಟ್ಯಾಂಕಿನಷ್ಟು ಬರೆದು ಕೈಗೆ ಕೊಟ್ಟ. ಗೌಸಮೊಹಿದ್ದೀನ ಆ ಹಾಳೆ ಹಿಡಿದುಕೊಂಡು ಪಂಗತಿಯಿಂದ ಪಂಗತಿಗೆ ಓಡಾಡಿದ.

"ನೋಡ್ರಿ, ನನ್ನ ಹೊಟ್ಟಿ ನೋಡ್ರಿ! ದುಲ್ಹೇಭಾಯಿ, ನೀವು ಹದಿನೈದು ದಿನ ಹೊಲದ್ರಿ. ಈ ಮನಶಾ ಐದು ಮಿನಿಟಿನ್ಯಾಗ ಮುಗಿಸಿದ."

"ಇದ್ರಾಗೇನದ?" ಎಂದರು ಲಾಡ್ಲೆಸಾಬರು. "ನಾನೂ ತೆಗೀತೇನಿ."

"ನೀವಾ? ಗುಂಡಿಗೆ ಕಾಜಾ ತೆಗೀತೀರಿ, ಖರೆ."

ಸುತ್ತಲಿದ್ದವರು ನಕ್ಕರು. ಮೂವತ್ತು ವರ್ಷ ಊರಿನ ದೋಷಗಳನ್ನು ಮುಚ್ಚಿಟ್ಟವನಿಗೆ ಒಂದು ಚಪ್ಪಾಳೆ ಇಲ್ಲ, ಐದು ನಿಮಿಷದಲ್ಲಿ ಬಿಚ್ಚಿ ತೋರಿಸಿದವನಿಗೆ ಇಷ್ಟು ಮರ್ಯಾದೆ! ಆಳಂದಕ್ಕೆ ಮರಳಿ ಬಸ್ಸಿನಿಂದ ಇಳಿಯುವಾಗ ಲಾಡ್ಲೆಸಾಬರು, "ದೋಷ ನೋಡೂದರಾಗ ನನಗಿಂತ ಸೀನಿಯರ್ ಯಾರದಾರ?" ಎಂದು ಬಾನುಬಿಯನ್ನು ಕೇಳಿದರು. ಚೀಲಗಳನ್ನು ಎಣಿಸುತ್ತಿದ್ದ ಬಾನುಬಿ, "ಯಾರೂ ಇಲ್ಲ, ಮೊದಲ ಕೆಳಗ ಇಳೀರಿ," ಎಂದಳು.

ಗುರು ಮೊಬೈಲಿನಲ್ಲಿ ಸಿಕ್ಕ. ಎಲ್ಲಿಯವನೋ ಗೊತ್ತಿಲ್ಲ, ಗಡ್ಡ ಬಿಟ್ಟಿದ್ದ, ಹಿಂದಿ ಮಾತಾಡುತ್ತಿದ್ದ. ಮೊದಲ ಪಾಠದಲ್ಲಿ ನೂರು ಮೂಗು ಬರೆಯಿರಿ ಎಂದು ಹೇಳಿ ಮಾಯವಾದ. ಲಾಡ್ಲೆಸಾಬರು ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕುವ ಕಂದು ಕಾಗದ ಹರಡಿ, ಟೇಲರ್ ಚಾಕ್‌ಪೀಸಿನಿಂದ ಮೂಗು ಬರೆಯತೊಡಗಿದರು. ಮೂವತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಪ್ರತಿ ಮೂಗಿನ ಸುತ್ತಲೂ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟು ಇನ್ನೊಂದು ಗೆರೆ ಎಳೆದರು. ನೂರು ಮೂಗು ಮುಗಿದಾಗ ಯಾವುದನ್ನು ಬೇಕಾದರೂ ಕತ್ತರಿಸಿ ಶರ್ಟಿಗೆ ಜೋಡಿಸುವಂತಿದ್ದವು.

ಮೂಗು ನೋಡಲು ಬಸ್ ನಿಲ್ದಾಣಕ್ಕೂ ಹೋದರು. ಗಾಣಗಾಪುರದ ಬಸ್ಸಿಗೆ ಕಾಯುತ್ತಿದ್ದ ಸೊಲ್ಲಾಪುರ ಕಡೆಯ ಭಕ್ತರೊಬ್ಬರ ಎದುರು ನಿಂತು ಕಾಲು ಗಂಟೆ ಮೂಗು ದಿಟ್ಟಿಸಿದರು. ಆ ಮನುಷ್ಯ ಮೊದಲು ಮೂಗು ಒರೆಸಿಕೊಂಡ, ಆಮೇಲೆ ಹೆಂಡತಿಯನ್ನು ಕೇಳಿದ, ಆಮೇಲೆ ಮೂಗಿಗೆ ಟವೆಲ್ ಅಡ್ಡ ಹಿಡಿದುಕೊಂಡೇ ಬಸ್ ಹತ್ತಿದ. ವಿದ್ಯೆಗೆ ಎಲ್ಲ ಕಾಲದಲ್ಲೂ ಅಡ್ಡಿಗಳು ಇದ್ದದ್ದೇ.

ಎರಡನೇ ಪಾಠದಲ್ಲಿ ಗುರು ಗುಟ್ಟು ಹೇಳಿದ. ಮುಖದಲ್ಲಿ ಮೊದಲು ಕಣ್ಣಿಗೆ ಬೀಳುವುದು ಯಾವುದೋ ಅದನ್ನು ಬೆಳೆಸಿ, ಉಳಿದದ್ದನ್ನು ಸಣ್ಣದು ಮಾಡಿ. ತಲೆ ದೊಡ್ಡದಿರಲಿ, ಮೈ ಗೊಂಬೆಯಷ್ಟಿರಲಿ. ಇಷ್ಟೇನಾ, ಎಂದುಕೊಂಡರು ಲಾಡ್ಲೆಸಾಬರು. ಇನ್ನು ಬೇಕಾದದ್ದು ಒಂದು ತಕ್ಕ ಮುಖ.

ಕಲೆಯ ಕಡೆ ಹೀಗೆ ಬೆಳಕು ಹರಿಯುತ್ತಿದ್ದಾಗಲೇ ಅಂಗಡಿಯ ಕಡೆ ಕತ್ತಲಾಗಿತ್ತು. ಹೊರಗಿನಿಂದ ಬಂದ ಒಂದು ರೆಡಿಮೇಡ್ ಶೋರೂಮಿನವರು ಸಂಘದ ಆರು, ಏಳು, ಎಂಟನೇ ನಂಬರಿನ ಅಂಗಡಿಗಳನ್ನು ಒಡೆದು ಒಂದು ಮಾಡಿಕೊಡಿ ಎಂದು ಕೇಳಿದ್ದರು. ಆರು ಮತ್ತು ಎಂಟರವರು ಒಪ್ಪಿ ಖಾಲಿ ಮಾಡಿದರು. ಏಳು ನಡುವೆ ಒಂಟಿ ಹಲ್ಲಿನಂತೆ ಉಳಿಯಿತು. ಅದು ಲಾಡ್ಲೆಸಾಬರ ತಂದೆ ಕೂತ ಜಾಗ. ಅದು ಹೋದರೆ ಈ ವಯಸ್ಸಿನಲ್ಲಿ ಮಿಷನ್ ಹೊತ್ತು ಯಾರ ಜಗಲಿಗೆ ಹೋಗುವುದು? ಈ ಯೋಚನೆ ಬಂದಾಗಲೆಲ್ಲ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ತೀರ್ಮಾನ ಸೋಮವಾರದ ಆಡಳಿತ ಮಂಡಳಿ ಸಭೆಯಲ್ಲಿ.

ಮಂಡಳಿಯಲ್ಲಿ ಅರ್ಧ ಜನ ಅಧ್ಯಕ್ಷ ಅನೀಲಕುಮಾರರ ಕಡೆ, ಇನ್ನರ್ಧ ಮಾಜಿ ಅಧ್ಯಕ್ಷ ದೊಡ್ಡಪ್ಪನವರ ಕಡೆ. ಈ ಇಬ್ಬರು ಒಂಬತ್ತು ವರ್ಷಗಳಲ್ಲಿ ಒಂದು ಮಾತಿಗೂ ಒಪ್ಪಿದವರಲ್ಲ. ಸಭೆಯ ಚಹಾಕ್ಕೆ ಸಕ್ಕರೆ ಹಾಕಬೇಕೇ ಬೆಲ್ಲ ಹಾಕಬೇಕೇ ಎಂಬುದು ಒಮ್ಮೆ ಕೈ ಎತ್ತುವವರೆಗೆ ಹೋಗಿ, ಕಡೆಗೆ ಎಲ್ಲರೂ ನೀರು ಕುಡಿದು ಎದ್ದಿದ್ದರು. ಅಂಗಡಿ ಉಳಿಯಬೇಕಾದರೆ ಲಾಡ್ಲೆಸಾಬರಿಗೆ ಇಬ್ಬರೂ ಬೇಕು.

ಅದಕ್ಕೆ ಸರಿಯಾಗಿ ಮಂಗಳವಾರ ಅನೀಲಕುಮಾರರೇ ಅಂಗಡಿಗೆ ಬಂದರು. ಸೋಮವಾರದ ಸಭೆಗೆ ಹೊಸ ಜಾಕೀಟು ಬೇಕಿತ್ತು. ಲಾಡ್ಲೆಸಾಬರು ಟೇಪು ಸುತ್ತಿದರು.

"ಎಷ್ಟ ಬಂತ್ರಿ ಮಾಸ್ತರ?"

"ನಲವತ್ರಿ," ಎಂದರು ಲಾಡ್ಲೆಸಾಬರು. ಕೈ ನಲವತ್ತಾರು ಎಂದು ಬರೆಯಿತು.

"ಹೋದ ಸಲಾನೂ ನಲವತ್ತೇ ಇತ್ತು. ನೋಡ್ರಿ, ಮುಂಜಾನೆ ವಾಕಿಂಗ್ ಬಿಟ್ಟಿಲ್ಲ ನಾ."

"ಕಾಣತದ್ರಿ. ಸಾಹೇಬ್ರ, ನಮ್ಮ ಅಂಗಡಿದು..."

"ನನ್ನ ಕೈಯಾಗೇನದ ಮಾಸ್ತರ? ಎಲ್ಲಾ ಬೋರ್ಡಿನ್ಯಾಗ ಅದ. ನೋಡೂಣಂತ."

ಅವರು ಹೋದ ಮೇಲೆ ಲಾಡ್ಲೆಸಾಬರು ಅಳುವ ಬದಲು ಚಾಕು ಎತ್ತಿಕೊಂಡರು; ಟೇಲರ್ ಚಾಕು, ಕೊಯ್ಯುವುದಲ್ಲ. ಕತ್ತು ಅಳೆಯುವಾಗ ಅನೀಲಕುಮಾರರ ಗದ್ದದ ಕೆಳಗೆ ಇನ್ನೊಂದು ಗದ್ದ ಕಂಡಿತ್ತು. ಗುರು ಹೇಳಿದಂತೆ ಅದನ್ನು ಬೆಳೆಸಿದರು. ಎರಡು ಮೂರಾಯಿತು. ಮೂಗು ಹೇಗಿತ್ತೆಂದು ನೆನಪಾಗದಾಗ ತಲೆ ಎತ್ತಿ ಒಂದು ಕ್ಷಣ ಯೋಚಿಸುವುದು, ಮತ್ತೆ ತಗ್ಗಿ ಬರೆಯುವುದು. ಅವರು ಕೂರುವ ಮೇಜಿನ ನೇರ ಎದುರಿಗೆ, ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಇತ್ತು. ತಲೆ ಎತ್ತಿದಾಗಲೆಲ್ಲ ಕಣ್ಣು ಅದರ ಮೇಲೇ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಚಿತ್ರ ಮುಗಿಯಿತು: ದೊಡ್ಡ ತಲೆ, ಸೋತ ಕಣ್ಣು, ಕೆಳಕ್ಕೆ ಬಾಗಿದ ಮೂಗು, ಒಂದರ ಮೇಲೊಂದು ಮೂರು ಗದ್ದ. ಕೆಳಗೆ ಗೊಂಬೆಯಂಥ ಮೈಗೆ, ಇನ್ನೂ ಹೊಲಿಯಬೇಕಾಗಿದ್ದ ಜಾಕೀಟು ತೊಡಿಸಿದ್ದರು.

ಮನೆಗೆ ಒಯ್ದು ಬಾನುಬಿಗೆ ತೋರಿಸಿದರು. ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಆಕೆ ಕುತ್ತಿಗೆ ಹೊರಳಿಸಿ ನೋಡಿದಳು.

"ಮುಖ ಬರಾಬರ್ ಬಂದದ, ಗುಲನಾಜನ ಅಬ್ಬಾ," ಎಂದಳು, ಎಂದಿನಂತೆ ಗಂಡನನ್ನು ಮಗಳ ಹೆಸರಿನಿಂದ ಕರೆಯುತ್ತ. "ಜಾಕೀಟ ಮಾತ್ರ ಒಪ್ಪಂಗಿಲ್ಲ."

ಜಾಕೀಟು ಒಪ್ಪದೆ ಇರುವುದಕ್ಕೆ ಅದಿನ್ನೂ ಹೊಲಿದೇ ಇಲ್ಲವಲ್ಲ ಎಂದು ಲಾಡ್ಲೆಸಾಬರು ನಕ್ಕರು. ಮುಖ ಬರಾಬರ್ ಎಂಬ ಮಾತು ಮಾತ್ರ ಎದೆಯಲ್ಲಿ ಇಟ್ಟುಕೊಂಡರು. ಓದು ಬರಹ ಹೆಚ್ಚು ಬರದ ಹೆಂಗಸೂ ಗುರುತು ಹಿಡಿದಳೆಂದರೆ ಕಲೆ ಕೈಗೆ ಬಂತು ಎಂದೇ ಅರ್ಥ.

ಶನಿವಾರ ಜಾಕೀಟು ಸಿದ್ಧವಾಯಿತು. ಅನೀಲಕುಮಾರರ ಡ್ರೈವರ್ ಬಂದು ಅವಸರ ಮಾಡಿದ. ಲಾಡ್ಲೆಸಾಬರು ಕೈಗೆ ಸಿಕ್ಕ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು. ಗಾಡಿ ತಿರುವು ದಾಟಿದ ಮೇಲೆ ನೋಡಿದರೆ, ಮನೆಯಿಂದ ಮರಳಿ ತಂದು ಮೇಜಿನ ಕೆಳಗೆ ಇಟ್ಟಿದ್ದ ಚಿತ್ರವಿಲ್ಲ. ಇದ್ದ ಕಂದು ಕಾಗದ ಅದೊಂದೇ ಆಗಿತ್ತು.

ಲಾಡ್ಲೆಸಾಬರು ಅಂಗಡಿಯ ಶಟರ್ ಎಳೆಯುವುದನ್ನೂ ಮರೆತು ಓಡಿದರು. ಪುಸ್ತಕ ಮಾತ್ರ ಕಂಕುಳಲ್ಲಿತ್ತು. ಅನೀಲಕುಮಾರರ ಮನೆ ಮುಟ್ಟುವಷ್ಟರಲ್ಲಿ ಅಂಗಡಿ ಹೋಯಿತು, ಮಿಷನ್ ಹೋಯಿತು, ತಾವೂ ಹೋದೆವು ಎಂದು ಮೂರು ಸಲ ಅಂದುಕೊಂಡಿದ್ದರು. ಒಳಗಿನಿಂದ ಕೂಗಾಟ ಕೇಳಿಸಿತು. ಹೆದರುತ್ತ ಇಣುಕಿದರೆ ಅನೀಲಕುಮಾರರು ಸೋಫಾದ ಮೇಲೆ ಹೊರಳಾಡಿ ನಗುತ್ತಿದ್ದರು. ಕೈಯಲ್ಲಿ ಅದೇ ಕಾಗದ.

"ಬರ್ರಿ ಮಾಸ್ತರ, ಬರ್ರಿ! ಏನ್ ತೆಗದೀರ್ರಿ ನಮ್ಮ ದೊಡ್ಡಪ್ಪನ್ನ! ಆ ಗದ್ದ ನೋಡ್ರಿ, ಆ ಸೋತ ಕಣ್ಣ ನೋಡ್ರಿ. ಕುರ್ಚಿ ಹೋದ ಮ್ಯಾಲ ಹಿಂಗೇ ಆಗ್ಯಾನ ಅಂವ."

ಲಾಡ್ಲೆಸಾಬರು ಪುಸ್ತಕವನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡರು.

ಒಳಗಿನಿಂದ ಅನೀಲಕುಮಾರರ ತಾಯಿ ಗುರುಶಾಂತಮ್ಮ ಬಂದು, ಕನ್ನಡಕ ಏರಿಸಿ, ಕಾಗದವನ್ನು ಮುಖದ ಹತ್ತಿರ ಹಿಡಿದರು. "ದೊಡ್ಡಪ್ಪ ಯಾಕಾಗ್ತಾನೊ? ಇದು ನಮ್ಮ ಭೂಸನೂರ ಬೀಗರು. ಹಬ್ಬಕ್ಕ ಕರೀಲಿಲ್ಲಂತ ಮುಖ ಹಿಂಗೇ ಮಾಡಿದ್ರು, ನನಗ ಗೊತ್ತಿಲ್ಲೇನು?"

"ಅವ್ವ, ಜಾಕೀಟ ನೋಡು. ಬೀಗರು ಯಾವಾಗರೆ ಜಾಕೀಟ ಹಾಕ್ಯಾರೇನು?"

ತಾಯಿ ಮಗ ವಾದಿಸುತ್ತಿದ್ದಂತೆ ಆ ಜಾಕೀಟಿನ ಅಸಲು ಪ್ರತಿ ಅನೀಲಕುಮಾರರ ಮೈಮೇಲೇ ಇತ್ತು. ಗುಂಡಿ ಸಮೇತ ಒಂದೇ. ಅದು ಇಬ್ಬರಿಗೂ ಕಾಣಲಿಲ್ಲ. ಅನೀಲಕುಮಾರರು ಚಿತ್ರದ ಫೋಟೊ ತೆಗೆದು ಸಂಘದ ವಾಟ್ಸಪ್ ಗುಂಪಿಗೆ ಹಾಕಿಬಿಟ್ಟರು. "ಯಾರಂತ ನೀವೇ ಹೇಳ್ರಿ" ಎಂದು ಕೆಳಗೆ ಬರೆದರು. ಆಮೇಲೆ ಲಾಡ್ಲೆಸಾಬರ ಹೆಗಲ ಮೇಲೆ ಕೈ ಹಾಕಿ, "ನಿಮ್ಮ ಅಂಗಡಿ ಎಲ್ಲಿ ಹೋಗ್ತದ್ರಿ? ಸೋಮವಾರ ಬೋರ್ಡಿನ ಮುಂದ ನಿಂತು, ಇದು ದೊಡ್ಡಪ್ಪ ಅಂತ ಒಂದ ಮಾತ ಹೇಳ್ರಿ ಸಾಕು," ಎಂದರು.

ಆ ರಾತ್ರಿಯೊಳಗೆ ಚಿತ್ರ ಆಳಂದ ದಾಟಿ ಅಫಜಲಪುರಕ್ಕೆ ಹೋಗಿ, ಅಲ್ಲಿಂದ ಜೇವರ್ಗಿ ಮುಟ್ಟಿತು. ಅಫಜಲಪುರದಲ್ಲಿದ್ದ ಮಗಳು ಗುಲನಾಜಳ ಓಣಿಯಲ್ಲಿ ಅದು ಪಕ್ಕದ ಮನೆಯ ಮಾಲೀಕ ಎಂದು ತೀರ್ಮಾನವಾಯಿತು. ಜೇವರ್ಗಿಯಿಂದ ಗೌಸಮೊಹಿದ್ದೀನ ಮುಂಜಾನೆ ಫೋನ್ ಮಾಡಿದ.

"ದುಲ್ಹೇಭಾಯಿ, ಮಾಫ್ ಮಾಡ್ರಿ, ನಿಮ್ಮನ್ನ ಕಡಿಮಿ ತಿಳಿದಿದ್ದೆ. ಆದ್ರ ನನ್ನ ಎದುರ ಅಂಗಡಿ ಶರಫುದ್ದೀನನ್ನ ನೀವ ಯಾವಾಗ ನೋಡಿದ್ರಿ? ಥೇಟ್ ಅವನೇ! ತೂಕದಾಗ ಮೋಸ ಮಾಡೋ ಮುಖ!"

"ಅಂವಾ ಯಾರೋ ನನಗೆ ಗೊತ್ತೇ ಇಲ್ಲೋ ಗೌಸ್."

"ಅದೇ ಕಲಾ ಅಂದ್ರ!"

ಲಾಡ್ಲೆಸಾಬರಿಗೆ ಈಗ ಒಂದು ಹೊಸ ಸಂಕಟ ಹತ್ತಿತು. ಮೊದಲು ಚಿತ್ರದಲ್ಲಿ ಅನೀಲಕುಮಾರರನ್ನು ಯಾರಾದರೂ ಗುರುತಿಸಿಬಿಟ್ಟಾರು ಎಂದು ಭಯವಿತ್ತು. ಈಗ ಯಾರೊಬ್ಬರೂ ಗುರುತಿಸುತ್ತಿಲ್ಲವಲ್ಲ ಎಂದು ದುಃಖವಾಯಿತು. ಬದುಕಿದೆ ಎಂದು ನಿಟ್ಟುಸಿರು ಬಿಡಬೇಕೋ, ಕೆಟ್ಟೆ ಎಂದು ನಿಟ್ಟುಸಿರು ಬಿಡಬೇಕೋ ತಿಳಿಯದೆ, ಭಾನುವಾರ ಪೂರ್ತಿ ಎರಡನ್ನೂ ಸೇರಿಸಿ ಬಿಟ್ಟರು.

ಮಧ್ಯಾಹ್ನ ದೊಡ್ಡಪ್ಪನವರಿಂದ ಕರೆ ಬಂತು. ಲಾಡ್ಲೆಸಾಬರು ದುವಾ ಹೇಳಿಕೊಳ್ಳುತ್ತ ಹೋದರು. ದೊಡ್ಡಪ್ಪ ಅಂಗಳದಲ್ಲಿ ಮಂಚದ ಮೇಲೆ ಕೂತು, ಮೊಬೈಲನ್ನು ಒಮ್ಮೆ ಹತ್ತಿರ ಒಮ್ಮೆ ದೂರ ಹಿಡಿದು ನೋಡುತ್ತಿದ್ದರು. ಅವರ ಮೂರೂ ಗದ್ದಗಳು ನಗುವಿನಿಂದ ನಡುಗುತ್ತಿದ್ದವು.

"ಮಾಸ್ತರ, ನೀ ಗಂಡಸು ನೋಡು! ಅಧ್ಯಕ್ಷನ ಮುಖಾ ತೆಗದು ಅಧ್ಯಕ್ಷನ ಕೈಲೇ ಗ್ರೂಪಿನ್ಯಾಗ ಹಾಕ್ಸಿದಿ! ಅಂವಗ ತಿಳೀಲೇ ಇಲ್ಲಲ್ಲೊ!"

ಕಡೆಗೂ ಗುರುತು ಹಿಡಿದ ಪುಣ್ಯಾತ್ಮ ಒಬ್ಬ ಸಿಕ್ಕನಲ್ಲ! ಲಾಡ್ಲೆಸಾಬರ ಕಣ್ಣಲ್ಲಿ ನೀರು ಬಂತು. "ಹೌದೇನ್ರಿ? ನಿಮಗ ಹ್ಯಾಂಗ ತಿಳೀತ್ರಿ?"

"ತಿಳಿಯೂದೇನು? ಇಡೀ ಊರಾಗ ಇಂಥ ಅಡ್ಡಾದಿಡ್ಡಿ ಮುಖ ಇನ್ಯಾರದ್ದದ?" ಎನ್ನುತ್ತ ದೊಡ್ಡಪ್ಪ ಗದ್ದ ಕೆರೆದುಕೊಂಡರು. ಮೊದಲನೆಯದನ್ನು ಕೆರೆದು, ತುರಿಕೆ ಅಲ್ಲಿಲ್ಲವೆಂದು ತಿಳಿದು, ಮೂರನೆಯದಕ್ಕೆ ಹೋದರು. "ಅಂಗಡಿ ನಿಂದೇ ಅಂತ ತಿಳಿ. ನಾಳಿ ಸಭಾದಾಗ, ಇದು ಅನೀಲಕುಮಾರ ಅಂತ ಎದಿ ತಟ್ಟಿ ಹೇಳು. ನಮ್ಮ ಆರೂ ಕೈ ನಿನ್ನ ಕಡೆ ಏಳ್ತಾವು."

ಅನೀಲಕುಮಾರ ಎಂದರೆ ಅಧ್ಯಕ್ಷರ ಆರು ಕೈ ಹೋಗುತ್ತವೆ. ದೊಡ್ಡಪ್ಪ ಎಂದರೆ ಇತ್ತಲಿನ ಆರು. ಲಾಡ್ಲೆಸಾಬರು ಬೆರಳು ಮಡಿಸಿ ನೋಡಿದರು. ಹೇಗೆ ಮಡಿಸಿದರೂ ಅಂಗಡಿ ಕೈಬಿಟ್ಟು ಹೋಗುತ್ತಿತ್ತು. ಬಾನುಬಿಗೆ ಹೇಳಿದರು. ಆಕೆ, "ಯಾರ ಮುಖಾ ಅಂತ ಖರೆ ಹೇಳಿಬಿಡ್ರಿ, ಮುಗೀತಲ್ಲ," ಎಂದಳು. ಹೆಂಗಸರಿಗೆ ರಾಜಕಾರಣ ತಿಳಿಯದು ಎಂದು ಲಾಡ್ಲೆಸಾಬರು ಮಗ್ಗಲು ಬದಲಿಸಿದರು.

ಸೋಮವಾರ ಸಭೆ ಸೇರಿತು. ಹನ್ನೆರಡು ನಿರ್ದೇಶಕರು, ಎರಡು ಸಾಲು. ನಡುವೆ ಸಂಘದ ಕಾರ್ಯದರ್ಶಿ ವಿದ್ಯಾವತಿ ಠರಾವು ಪುಸ್ತಕ ತೆರೆದು ಕೂತಿದ್ದರು. ಸಭೆಯಲ್ಲಿ ಯಾರು ಕೆಮ್ಮಿದರೂ ಬರೆದಿಡುವ ಹೆಂಗಸು. ಆಧಾರವಿಲ್ಲದ ಒಂದು ಮಾತು ಅವರ ಪೆನ್ನಿನಿಂದ ಎಂದೂ ಕೆಳಗಿಳಿದಿರಲಿಲ್ಲ. ನಾಲ್ಕನೇ ವಿಷಯ ಬಂದಾಗ ಲಾಡ್ಲೆಸಾಬರನ್ನು ಕರೆದರು. ಅವರು ಪುಸ್ತಕ ಅವುಚಿಕೊಂಡು ಬಂದು ನಿಂತರು. ಚಿತ್ರ ಮೇಜಿನ ಮೇಲೆ ಹರಡಿತ್ತು.

"ಅಂಗಡಿ ಮಾತ ಆಮ್ಯಾಲ," ಎಂದರು ಅನೀಲಕುಮಾರರು. "ಮಾಸ್ತರ, ಮೊದಲ ಇದು ಯಾರಂತ ಸಭಾಕ್ಕ ಹೇಳ್ರಿ."

"ಹೇಳು ಮಾಸ್ತರ, ಹೆದರಬ್ಯಾಡ," ಎಂದರು ದೊಡ್ಡಪ್ಪ.

ಎರಡೂ ಕಡೆಯವರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಲಾಡ್ಲೆಸಾಬರು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದರು. "ಯಾರಂತ ಅನಸ್ತದೋ ಅವರೇರಿ," ಎಂದರು.

"ಹಂಗ ಬರಕೊಳ್ಳಾಕ ಬರೂದಿಲ್ಲರಿ," ಎಂದು ವಿದ್ಯಾವತಿ ಪೆನ್ನು ಎತ್ತಿದರು. "ಚಿತ್ರಕ್ಕ ಆಧಾರ ಏನು? ದಾಖಲಿ ಏನಾದರೂ ಅದ ಏನು?"

ದಾಖಲೆ ಎಂಬ ಮಾತು ಕೇಳಿದ್ದೇ ಲಾಡ್ಲೆಸಾಬರಿಗೆ ಜೀವ ಬಂತು. ಇದೊಂದು ಅವರಿಗೆ ತಿಳಿಯುವ ಭಾಷೆ. "ಅದರಿ ಮೇಡಂ. ನಾ ಅಳತಿ ಬಿಟ್ಟು ಏನೂ ತೆಗೆಯೂದಿಲ್ಲರಿ. ಎಲ್ಲಾ ಇದ್ರಾಗ ಅದ. ಓದ್ತೇನಿ, ಯಾರಿಗೆ ಹೊಂದತದ ನೀವೇ ಹೊಂದಿಸಿ ನೋಡ್ರಿ."

ಕೆಂಪು ರಟ್ಟು ತೆರೆಯಿತು. ಮೊದಲು ಸಿಕ್ಕ ಹಾಳೆಯನ್ನು ಅವರು, ಮದರಸಾದಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಓದಿದರು.

"ಅಧ್ಯಕ್ಷರು. ಕುತ್ತಿಗಿ ಹದಿನೆಂಟೂವರಿ. ಎದಿ ನಲವತ್ತು. ಹೊಟ್ಟಿ ನಲವತ್ತಾರು, ಕೇಳಿದರ ನಲವತ್ತು ಅನ್ನಬೇಕು. ಬಲಭುಜ ಒಂದ ಇಂಚ ಇಳದದ, ಹತ್ತಿ ತುಂಬಬೇಕು..."

ಎದುರು ಸಾಲು ಒಮ್ಮೆಲೇ ಸಿಡಿಯಿತು. ದೊಡ್ಡಪ್ಪ ಮೇಜು ಗುದ್ದಿ ನಕ್ಕರು. "ಹತ್ತಿ! ಮ್ಯಾಡಂ, ಬರಕೊಳ್ರಿ, ಅಧ್ಯಕ್ಷರ ಭುಜದಾಗ ಹತ್ತಿ ಅದ!"

ವಿದ್ಯಾವತಿ ಬರೆದುಕೊಂಡರು. ಲಾಡ್ಲೆಸಾಬರು ಎಂಜಲು ಹಚ್ಚಿ ಹಾಳೆ ತಿರುವಿದರು.

"ಮಾಜಿ ಅಧ್ಯಕ್ಷರು, ದೊಡ್ಡಪ್ಪನವರು. ಎದಿ ಮೂವತ್ತಾರು. ಭಾಷಣ ಇದ್ದರ ಒಳಗ ಎರಡು ಪದರ ಹತ್ತಿ. ಹೊಟ್ಟಿ ಐವತ್ತು, ಟೇಪು ಹಿಡಿಯಾಕ ಇನ್ನೊಬ್ಬ ಬೇಕು. ಎಡಗಾಲ ಪೈಜಾಮ ಅರ್ಧ ಇಂಚ ಗಿಡ್ಡ. ಮನಿಯಾಗ ಯಾರಿಗೂ..."

ದೊಡ್ಡಪ್ಪನವರ ನಗು ಅರ್ಧಕ್ಕೆ ನಿಂತಿತು. ಈಗ ಅಧ್ಯಕ್ಷರ ಸಾಲು ನಗಬೇಕಿತ್ತು. ಆದರೆ ಯಾರೂ ನಗಲಿಲ್ಲ. ಹತ್ತು ಜನ ನಿರ್ದೇಶಕರು ಪುಸ್ತಕದ ದಪ್ಪವನ್ನು ನೋಡುತ್ತಿದ್ದರು. ಹತ್ತೂ ಜನರ ಬಟ್ಟೆ ಪಸಂದ್ ಟೇಲರಿನದೇ. ಒಬ್ಬರು ಮೆಲ್ಲಗೆ ಭುಜ ಮುಟ್ಟಿಕೊಂಡರು. ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ಉಸಿರಿಲ್ಲದವರಂತೆ ಕೂತರು.

"ದೌಲತರಾಯರು," ಎಂದು ಲಾಡ್ಲೆಸಾಬರು ಮೂರನೇ ಹಾಳೆ ತೆಗೆದರು. "ಇವರದು ಹಿಂದಿನ ಭಾಗ..."

ದೌಲತರಾಯರು ನಿರ್ದೇಶಕರಾಗಿ ಹತ್ತು ವರ್ಷವಾಗಿತ್ತು. ಸಭೆಯಲ್ಲಿ ಒಂದೇ ಒಂದು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವರು ಕುರ್ಚಿ ಬೀಳುವಂತೆ ಎದ್ದರು.

"ಏಳನೇ ನಂಬರ್ ಅಂಗಡಿ ಮಾಸ್ತರಗೇ ಇರಬೇಕು ಅಂತ ನಾ ಸೂಚಿಸ್ತೇನಿ!"

"ಅನುಮೋದನ ಅದ!" ಎಂದರು ಅನೀಲಕುಮಾರರು.

"ನಂದೂ ಅದ!" ಎಂದರು ದೊಡ್ಡಪ್ಪ.

ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹನ್ನೆರಡು ಕೈಗಳು ಒಟ್ಟಿಗೆ ಎದ್ದವು. ವಿದ್ಯಾವತಿ ತಲೆ ಎತ್ತದೆ, "ಹಂಗಾದರ ಈ ಅಳತಿ ಪುಸ್ತಕದ ನಕಲು ಠರಾವಿಗೆ ಲಗತ್ತಿಸಬೇಕೇನ್ರಿ?" ಎಂದು ಕೇಳಿದರು. ಬೇಡ ಎಂಬ ಕೂಗು ರಸ್ತೆಯ ಆಚೆಯ ಹೋಟೆಲಿನವರೆಗೆ ಕೇಳಿಸಿತು.

ಠರಾವು ಹೀಗೆ ದಾಖಲಾಯಿತು: "ಅಂಗಡಿ ನಂಬರ್ ಏಳರಲ್ಲಿರುವ ಅಳತೆ ಪುಸ್ತಕವು ಸದಸ್ಯರೆಲ್ಲರ ಹಿತಕ್ಕೆ ಸಂಬಂಧಪಟ್ಟಿರುವುದರಿಂದ, ಸದರಿ ಪುಸ್ತಕವು ಸದರಿ ಅಂಗಡಿಯನ್ನು ಬಿಟ್ಟು ಹೊರಗೆ ಹೋಗತಕ್ಕದ್ದಲ್ಲ. ಸದರಿ ಪುಸ್ತಕವನ್ನು ಶ್ರೀ ಲಾಡ್ಲೆಸಾಬ ಇವರ ಹೊರತು ಯಾರೂ ತೆರೆಯತಕ್ಕದ್ದಲ್ಲವಾದ್ದರಿಂದ ಸದರಿಯವರೂ ಹೊರಗೆ ಹೋಗತಕ್ಕದ್ದಲ್ಲ. ಶೋರೂಮಿನವರಿಗೆ ಬೇರೆ ಜಾಗ ನೋಡಿಕೊಳ್ಳಲು ತಿಳಿಸುವುದು."

ಲಾಡ್ಲೆಸಾಬರು ಮಾತ್ರ ಅಲ್ಲೇ ನಿಂತಿದ್ದರು. ಅಂಗಡಿ ಉಳಿದಿತ್ತು. ಆದರೂ ಕೇಳದೆ ಇರಲಾಗಲಿಲ್ಲ. "ಚಿತ್ರದ್ದೇನಾತ್ರಿ? ಯಾರಂತ..."

"ಯಾರರೇ ಆಗಲಿ ಮಾಸ್ತರ," ಎಂದರು ಅನೀಲಕುಮಾರರು ಬೆವರು ಒರೆಸಿಕೊಳ್ಳುತ್ತ. "ಮನಿಗೆ ಒಯ್ಯಿರಿ."

ಲಾಡ್ಲೆಸಾಬರು ಚಿತ್ರ ಸುತ್ತಿಕೊಂಡು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬಾನುಬಿ ಸುದ್ದಿ ಕೇಳಿ ಎರಡೂ ಕೈ ಎತ್ತಿ ದೇವರಿಗೆ ವಂದಿಸಿ, ಸಜ್ಜಕ ಮಾಡಲು ರವೆ ತೆಗೆದಳು. ಲಾಡ್ಲೆಸಾಬರು ಗೋಡೆಗೊರಗಿ ಕೂತರು.

"ಅಂಗಡಿ ಉಳೀತು, ಖರೆ. ಕಲಾ ಯಾರಿಗೂ ತಿಳೀಲಿಲ್ಲ. ನೀ ಒಬ್ಬಾಕಿ ಗುರ್ತ ಹಿಡದಿ, ಅನೀಲಕುಮಾರ ಅಂತ."

"ನಾ ಯಾವಾಗ ಅನೀಲಕುಮಾರ ಅಂದೆ?" ಬಾನುಬಿ ರವೆ ಹುರಿಯುವುದನ್ನು ನಿಲ್ಲಿಸಿದಳು. "ನಿಮ್ಮ ಮುಖಾ ಬರಾಬರ್ ಬಂದದ ಅಂದೆ. ಅವರ ಜಾಕೀಟ ನೀವು ಹಾಕ್ಕೊಂಡಿದ್ರಿ, ಅದು ಒಪ್ಪಂಗಿಲ್ಲ ಅಂದೆ."

ಲಾಡ್ಲೆಸಾಬರು ನಕ್ಕರು. ಬಾನುಬಿ ನಗಲಿಲ್ಲ. ಅವರು ಎದ್ದು, ಬಾಗಿಲ ಪಕ್ಕದ ಕನ್ನಡಿಯ ಮುಂದೆ ನಿಂತು, ಚಿತ್ರವನ್ನು ಕಿವಿಯ ಪಕ್ಕದಲ್ಲಿ ಹಿಡಿದರು. ಸೋತ ಕಣ್ಣು. ಕೆಳಕ್ಕೆ ಬಾಗಿದ ಮೂಗು. ತಲೆ ಸ್ವಲ್ಪ ತಗ್ಗಿಸಿದರು. ಒಂದು, ಎರಡು, ಮೂರು.

ಊರಿನವರೆಲ್ಲ ನಕ್ಕದ್ದು ಒಂದೊಂದಾಗಿ ನೆನಪಾಯಿತು. ಅಡ್ಡಾದಿಡ್ಡಿ ಮುಖ. ತೂಕದಲ್ಲಿ ಮೋಸ ಮಾಡುವ ಮುಖ. ಹಬ್ಬಕ್ಕೆ ಕರೆಯದ ಮುಖ. ನಿಜಕ್ಕೂ ನೋವಾಯಿತು.

"ನಿಮಗೂ ಒಂದ ಜಾಕೀಟ ಹೊಲಕೋರಿ," ಎಂದಳು ಬಾನುಬಿ ಹಿಂದಿನಿಂದ, ದನಿ ಮೆತ್ತಗೆ ಮಾಡಿ. "ಮೂವತ್ತ ವರ್ಷದಾಗ ನಿಮ್ಮ ಅಳತಿ ನೀವ ಒಮ್ಮೆರೆ ತೊಗೊಂಡೀರೇನು? ಬರ್ರಿ, ನಾ ತೊಗೋತೇನಿ."

ಅವರ ಕೊರಳಲ್ಲಿದ್ದ ಟೇಪು ತೆಗೆದು, ಆಕೆಯೇ ಸುತ್ತಿದಳು. ಲಾಡ್ಲೆಸಾಬರು ಉಸಿರು ಎಳೆದುಕೊಂಡರು. ಬಾನುಬಿ ಅವರು ಉಸಿರು ಬಿಡುವವರೆಗೆ ಕಾದಳು. ಆಮೇಲೆ ಓದಿದಳು.

"ನಲವತ್ನಾಕು. ಬರಕೋರಿ."

ಲಾಡ್ಲೆಸಾಬರು ಕೆಂಪು ಪುಸ್ತಕದಲ್ಲಿ ಹೊಸ ಹಾಳೆ ತೆಗೆದರು. ಮೇಲೆ ದುಂಡಗೆ ತಮ್ಮ ಹೆಸರು ಬರೆದರು. ಕೆಳಗೆ, ಹೊಟ್ಟೆ ಎಂದು ಬರೆದು, ಒಂದು ಕ್ಷಣ ಬಾಗಿಲ ಕಡೆ ನೋಡಿ, ಮೂವತ್ತೆಂಟು ಎಂದು ಹಾಕಿದರು.